ಸಿಡುಕು ಮೋರೆಯ ಸಾವಕಾರರು

ರಂಗಂಪೇಟೆಯ ನಮ್ಮ ಓಣಿಯಲ್ಲಿ ಸಂಜೆಯಾಯಿತೆಂದರೆ ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಟಿ.ವಿ.ಯ ಸದ್ದೂ ಏಳುತ್ತದೆ. ಅಲ್ಲೊಬ್ಬ ನಾಯಕ, ಕಂಪನಿಯ ಒಡೆಯ. ನಕ್ಕರೆ ಎಲ್ಲಿ ಹಲ್ಲು ಉದುರುತ್ತವೋ ಎಂಬಂಥ ಮೋರೆ. ಕೆಲಸಕ್ಕೆ ಬಂದ ಹುಡುಗಿಯ ಮೇಲೆ ಹತ್ತು ಜನರೆದುರು ಹರಿಹಾಯುತ್ತಾನೆ. ಅವಳು ಕಣ್ಣೊರೆಸಿಕೊಳ್ಳುತ್ತಾಳೆ. ನಾವು ಹಂಚಿನ ಮೇಲೆ ರೊಟ್ಟಿ ಸೀದದ್ದೂ ಅರಿಯದೆ, ಸಿಟ್ಟಿದ್ದಲ್ಲೇ ಪ್ರೀತಿ ಎಂದು ಕಣ್ಣರಳಿಸುತ್ತೇವೆ. ಸುಳ್ಳೇಕೆ ಹೇಳಲಿ, ನಾನೂ ಅವರಲ್ಲೊಬ್ಬಳೇ. 2020ರಲ್ಲಿ ‘ಕನ್ನಡತಿ’ ಧಾರಾವಾಹಿ ಶುರುವಾದಾಗ, ನಾಯಕಿ ಕನ್ನಡ ಶಿಕ್ಷಕಿ ಎಂಬ ಅಭಿಮಾನದಿಂದ ನೋಡಲು ಕುಳಿತೆ. ಅವಳಿಗೂ ಜೊತೆಯಾದವನು ಮೂಗಿನ ತುದಿಯಲ್ಲೇ ಸಿಟ್ಟಿರುವ ಸಿರಿವಂತ ಉದ್ಯಮಿ!

ಇಂಥವನು ನಮಗೇಕೆ ಹಿಡಿಸುತ್ತಾನೆ? ಹೆಣ್ಣಿನ ದುಡಿಮೆಯನ್ನು ಮನೆಯಲ್ಲೂ ಹೊರಗೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಕಥೆಯಲ್ಲಾದರೋ, ಯಾರನ್ನೂ ಹೊಗಳದವನು ಇವಳೊಬ್ಬಳನ್ನು ಹೊಗಳುತ್ತಾನೆ. ನಾನು ಹೊಸದಾಗಿ ನೌಕರಿಗೆ ಸೇರಿದಾಗ ಮುಖ್ಯೋಪಾಧ್ಯಾಯರೊಬ್ಬರು ವರ್ಷವಿಡೀ ನನ್ನ ಪಾಠ ಟಿಪ್ಪಣಿಯಲ್ಲಿ ತಪ್ಪು ಹುಡುಕಿದರು. ಒಂದು ದಿನ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದರು. ಮೂರು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಅದು ಅವರ ದೊಡ್ಡತನವಲ್ಲ, ಬರಗಾಲದಲ್ಲಿ ಬಿದ್ದ ನಾಲ್ಕು ಹನಿ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಲಸ.

“ಟೀಚರ್ರಿ, ನಮ್ಮ ಸಾವಕಾರ್ರು ಬಾಳ ಸಿಟ್ಟಿನವ್ರು. ಎಲ್ಲಾರ ಮುಂದ ಬೈತಾರ. ರಾತ್ರಿ ಫೋನ್ ಹಚ್ಚಿ ಊಟ ಆತೇನು ಅಂತಾರ. ಮನಸಿನ್ಯಾಗ ಏನೋ ಅದ ಅನಸ್ತದ್ರಿ.”

“ನೀ ಫೋನ್ ಎತ್ತಲಿಲ್ಲಂದ್ರ?”

ಹುಡುಗಿ ತಲೆ ತಗ್ಗಿಸಿದಳು. “ಒಮ್ಮೆ ಎತ್ತಿದ್ದಿಲ್ರಿ. ಆ ತಿಂಗಳ ಪಗಾರದಾಗ ಹಿಡಕೊಂಡ್ರು.”

ಗೆಳತಿಯರೇ, ಧಾರಾವಾಹಿ ಕೇಳದ ಪ್ರಶ್ನೆ ಇದೇ. ಅವಳು ಒಲ್ಲೆನೆಂದರೆ ಅವಳ ಪಗಾರದ ಗತಿಯೇನು?

ಹಿಂದೆ ಒಬ್ಬಾಕೆ ಇದನ್ನು ಕೇಳಿದ್ದಳು. ತಾನೂ ಮನೆಪಾಠ ಹೇಳಿ ದುಡಿದಿದ್ದ ಷಾರ್ಲೆಟ್ ಬ್ರಾಂಟಿ 1847ರಲ್ಲಿ ‘ಜೇನ್ ಐರ್’ ಕಾದಂಬರಿ ಬರೆದಳು. ಅದರ ರೋಚೆಸ್ಟರ್ ಕೂಡ ಒರಟ, ರೂಪವಿಲ್ಲದವ. ಮೇಲಾಗಿ ಹೆಂಡತಿಯಿರುವುದನ್ನೇ ಮುಚ್ಚಿಟ್ಟವ. ಅದು ತಿಳಿದೊಡನೆ ಜೇನ್ ಮನೆ ಬಿಟ್ಟು ಹೊರಡುತ್ತಾಳೆ. ಅವಳು ಮರಳಿ ಬರುವುದು ಆ ಹೆಂಡತಿ ತೀರಿಕೊಂಡ ಮೇಲೆ, ತನಗೆ ಚಿಕ್ಕಪ್ಪನ ಆಸ್ತಿ ಬಂದ ಮೇಲೆ. ಆಗ ಅವನು ಅವಳ ಧಣಿಯಲ್ಲ. ನಮ್ಮ ಧಾರಾವಾಹಿಗಳು ಆ ಒರಟನನ್ನು ಎರವಲು ತಂದವು, ಜೇನ್‌ಳ ಗಂಟನ್ನು ಅಲ್ಲೇ ಬಿಟ್ಟುಬಂದವು!

ಬಾಲ್ಯವಿವಾಹ ತಡೆಯಹೋದ ರಾಜಸ್ಥಾನದ ಭಂವರಿದೇವಿಯ ಮೇಲೆ 1992ರಲ್ಲಿ ಅತ್ಯಾಚಾರವಾಯಿತು. ಆ ನೋವಿನಿಂದ 1997ರ ವಿಶಾಖಾ ತೀರ್ಪು ಹುಟ್ಟಿತು, 2013ರಲ್ಲಿ ಕಾನೂನೇ ಬಂತು. ಬರೀ ಬೈಗುಳ ಅದರೊಳಗೆ ಬಾರದಿರಬಹುದು. ಆದರೆ ಲೈಂಗಿಕ ಆಸೆಗೆ ಒಪ್ಪದಿದ್ದರೆ ಕೆಲಸಕ್ಕೆ ಕುತ್ತು ಎಂಬ ಬೆದರಿಕೆ ಖಂಡಿತ ಬರುತ್ತದೆ. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ಬರೆದುಕೊಡಬೇಕು. ನಾಯಕಿ ಇಂಥ ಅರ್ಜಿ ಬರೆದ ಕಂತನ್ನು ನಾನಂತೂ ಕಂಡಿಲ್ಲ.

ಧಾರಾವಾಹಿ ಬಿಡಿರೆಂದು ನಾನು ಹೇಳಲಾರೆ, ನನಗೇ ಬಿಡಲಾಗಿಲ್ಲ. ಆದರೆ ಮಗಳು ಪಕ್ಕದಲ್ಲಿ ಕುಳಿತಿದ್ದಾಗ, ಅವನು ಗದರಿದೊಡನೆ ನಾವು ಕಣ್ಣರಳಿಸುವುದು ಬೇಡ. ನಮ್ಮ ಮುಖ ನೋಡಿಯೇ ಅವಳು ಪ್ರೀತಿಯೆಂದರೇನೆಂದು ಕಲಿಯುತ್ತಾಳೆ. ಅಂಗಡಿಯ ಆ ಹುಡುಗಿಗೆ ನಾನು ಹೇಳಿದ್ದಿಷ್ಟು: “ತಂಗಿ, ಖರೇ ಪ್ರೀತಿ ಇದ್ದಾವ ಮೊದಲು ಪಗಾರ ಪೂರಾ ಕೊಡ್ತಾನ.”