ಸೋತ ಮರೀನಾ, ಉಳಿದ ಕೆಲಸ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾ ಮಾತು ರಾಜಕೀಯದ ಕಡೆ ಹೊರಳಿತು. "ಒಳ್ಳೆಯವರು ರಾಜಕೀಯಕ್ಕೆ ಬಂದು ಕಡಿದು ಕಟ್ಟೆ ಹಾಕೋದು ಅಷ್ಟರಲ್ಲೇ ಇದೆ ಮಾರಾಯ. ಒಂದೋ ಕೆಟ್ಟು ಹೋಗ್ತಾರೆ, ಇಲ್ಲಾ ಸೋತು ಮನೆಗೆ ಹೋಗ್ತಾರೆ" ಅಂತ ಗೆಳೆಯನೊಬ್ಬ ಮೊಸರನ್ನ ಕಲಸುತ್ತಾ ತೀರ್ಪು ಕೊಟ್ಟುಬಿಟ್ಟ. ಮುಂಚೆ ಆಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಈ ಸಲ ಆಗಲಿಲ್ಲ. ಕಾರಣ, ಇತ್ತೀಚೆಗೆ ನಾನು ಓದುತ್ತಿದ್ದ ಬ್ರೆಜಿಲಿನ ಮರೀನಾ ಸಿಲ್ವಾ. ಅಲ್ಲಿ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರೀನಾ ಹುಟ್ಟಿದ್ದು 1958ರಲ್ಲಿ, ಅಮೆಜಾನ್ ಕಾಡಿನ ಆಕ್ರೆ ರಾಜ್ಯದಲ್ಲಿ. ರಬ್ಬರ್ ಹಾಲು ಇಳಿಸುವ ಬಡ ಕುಟುಂಬ. ಹದಿನಾರು ವರ್ಷದವರೆಗೆ ಓದು ಬರಹ ಗೊತ್ತಿಲ್ಲ. ಮಲೇರಿಯಾ, ಹೆಪಟೈಟಿಸ್ ಎಲ್ಲ ಮೈಮೇಲೆ ಬಂದು ಹೋದವು. ಚಿಕಿತ್ಸೆಗೆಂದು ರಿಯೊ ಬ್ರಾಂಕೊ ಪಟ್ಟಣಕ್ಕೆ ಬಂದ ಹುಡುಗಿ ಮನೆಗೆಲಸ ಮಾಡಿಕೊಂಡು ಅಕ್ಷರ ಕಲಿತು, 26ನೇ ವಯಸ್ಸಿಗೆ ಇತಿಹಾಸದಲ್ಲಿ ಪದವಿ ಪಡೆದರು. ಚಿಕೊ ಮೆಂಡೆಸ್ ಜೊತೆ ಸೇರಿ ಕಾರ್ಮಿಕ ಸಂಘ ಕಟ್ಟಿದರು. ಮರ ಕಡಿಯಲು ಬಂದವರ ಗರಗಸದೆದುರು ಜನರನ್ನು ಸಾಲಾಗಿ ನಿಲ್ಲಿಸುವ ಹೋರಾಟ ಅವರದು. 1988ರಲ್ಲಿ ಮೆಂಡೆಸರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಮರೀನಾ ಹಿಂದೆ ಸರಿಯಲಿಲ್ಲ. 1994ರಲ್ಲಿ, 36ನೇ ವಯಸ್ಸಿಗೆ ಸೆನೆಟರ್ ಆಗಿ ಆಯ್ಕೆಯಾದರು.

ಇಲ್ಲಿಯವರೆಗಿನದು ಸಿನಿಮಾ ಕತೆಯಂತಿದೆ, ನಿಜ. ಆದರೆ ನನಗೆ ಇಷ್ಟವಾಗಿದ್ದು ಇದರ ಮುಂದಿನ ಭಾಗ, ಅಷ್ಟೇನೂ ಸಿನಿಮೀಯವಲ್ಲದ್ದು.

2003ರಲ್ಲಿ ಅಧ್ಯಕ್ಷ ಲೂಲಾ ಅವರನ್ನು ಪರಿಸರ ಮಂತ್ರಿ ಮಾಡಿದರು. 2004ರ ಒಂದೇ ವರ್ಷದ ಲೆಕ್ಕದಲ್ಲಿ ಅಮೆಜಾನಿನಲ್ಲಿ ಸುಮಾರು 27,700 ಚದರ ಕಿಲೋಮೀಟರ್ ಕಾಡು ನಾಶವಾಗಿತ್ತು. ಮರೀನಾ ಬರೀ ಭಾಷಣ ಮಾಡಲಿಲ್ಲ. ಹಲವು ಇಲಾಖೆಗಳನ್ನು ಸೇರಿಸಿ ಒಂದು ಯೋಜನೆ ಮಾಡಿದರು. ಇನ್ಪೆ ಎಂಬ ಬಾಹ್ಯಾಕಾಶ ಸಂಸ್ಥೆಯ ‘ಡೆಟೆರ್’ ವ್ಯವಸ್ಥೆ ಉಪಗ್ರಹ ಚಿತ್ರ ನೋಡಿ ಎಲ್ಲಿ ಕಾಡು ಬೀಳುತ್ತಿದೆ ಅಂತ ಬೇಗನೆ ಎಚ್ಚರಿಕೆ ಕೊಡುತ್ತಿತ್ತು. ಅದನ್ನು ಹಿಡಿದು ಅಧಿಕಾರಿಗಳು ಸ್ಥಳಕ್ಕೆ ಹೋಗಬೇಕು. 2008ರಲ್ಲಿ ಇನ್ನೊಂದು ಪಟ್ಟು ಬಿತ್ತು: ಪರಿಸರ ಕಾನೂನು ಪಾಲಿಸಿದ್ದಕ್ಕೆ ದಾಖಲೆ ಕೊಡದಿದ್ದರೆ ಅಮೆಜಾನ್ ಪ್ರದೇಶದಲ್ಲಿ ಬ್ಯಾಂಕಿನ ಕೃಷಿ ಸಾಲ ಇಲ್ಲ! ದೊಡ್ಡ ಜಮೀನುದಾರರಿಗೆ ಬಿಸಿ ತಟ್ಟಿತು. ಒತ್ತಡ ಹೆಚ್ಚಿತು. ಸರ್ಕಾರದೊಳಗೇ ತಮಗೆ ಬೆಂಬಲ ಕರಗುತ್ತಿದೆ ಅನ್ನಿಸಿದಾಗ ಆ ಮೇ ತಿಂಗಳಲ್ಲಿ ರಾಜೀನಾಮೆ ಬಿಸಾಕಿ ಹೊರಬಂದರು.

ಆಮೇಲೆ ಅಧ್ಯಕ್ಷ ಚುನಾವಣೆಗೆ ಮೂರು ಸಲ ನಿಂತರು. 2010ರಲ್ಲಿ ಶೇಕಡಾ 19, 2014ರಲ್ಲಿ ಶೇಕಡಾ 21, 2018ರಲ್ಲಿ ಬರೀ ಒಂದು! ಅವರ ತಪ್ಪುಗಳೂ ಇದ್ದವು. 2014ರಲ್ಲಿ ಸಲಿಂಗಿಗಳ ಹಕ್ಕಿನ ಬಗ್ಗೆ ಪ್ರಣಾಳಿಕೆಯಲ್ಲಿ ಕೊಟ್ಟ ಮಾತನ್ನು ಮಾರನೇ ದಿನವೇ ತೆಳುಮಾಡಿದ್ದು ನನಗಂತೂ ಹಿಡಿಸಲಿಲ್ಲ.

ಹಾಗಾದರೆ ನನ್ನ ಗೆಳೆಯ ಹೇಳಿದ್ದು ಸರಿಯೇ? ಅಂಕಿ ನೋಡಿ. ಅವರು ಹೋದ ಮೇಲೂ ಸಾಲದ ನಿಯಮ ಉಳಿಯಿತು, ಉಪಗ್ರಹ ನೋಡುತ್ತಲೇ ಇತ್ತು. 2012ಕ್ಕೆ ಕಾಡುನಾಶ ಸುಮಾರು 4,600 ಚದರ ಕಿಲೋಮೀಟರಿಗೆ ಇಳಿಯಿತು. ಎಲ್ಲವೂ ಅವರೊಬ್ಬರಿಂದಲೇ ಅಂತಲ್ಲ. ಆದರೆ ಅಡಿಪಾಯ ಅವರ ಕಾಲದ್ದು.

ಇದಕ್ಕೆ ಇನ್ನೊಂದು ಮುಖವೂ ಇದೆ. 2019ರಲ್ಲಿ ಅಧ್ಯಕ್ಷ ಬೊಲ್ಸೊನಾರೊ ಇನ್ಪೆಯ ಅಂಕಿಗಳನ್ನೇ ಸುಳ್ಳು ಎಂದರು. ಎದುರು ಮಾತಾಡಿದ ನಿರ್ದೇಶಕರ ಕೆಲಸ ಹೋಯಿತು. 2021ಕ್ಕೆ ಕಾಡುನಾಶ 13,000 ದಾಟಿತು. ಉಪಗ್ರಹ ಆಗಲೂ ಎಚ್ಚರಿಕೆ ಕೊಡುತ್ತಲೇ ಇತ್ತು. ನಾನೂ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವನು. ಅಲರ್ಟ್ ಬಂದಾಗ ಮಗ್ಗುಲು ಬದಲಿಸಿ ಮಲಗಿದರೆ ಏನಾಗುತ್ತದೆ ಅಂತ ಗೊತ್ತು :-) 2023ರಲ್ಲಿ ಮರೀನಾ ಮತ್ತೆ ಅದೇ ಖಾತೆಗೆ ಬಂದರು, ಲೆಕ್ಕ ಮತ್ತೆ ಇಳಿಯತೊಡಗಿತು.

ನನಗೆ ಅನ್ನಿಸುವುದು ಇಷ್ಟೇ. ಒಳ್ಳೆಯವರು ಗೆಲ್ಲುತ್ತಾರಾ ಅನ್ನೋದು ಅರ್ಧ ಪ್ರಶ್ನೆ. ಅವರು ಎದ್ದು ಹೋದ ಮೇಲೂ ನಡೆಯುವಂಥದ್ದೇನನ್ನು ಬಿಟ್ಟು ಹೋದರು, ಅದನ್ನು ನಡೆಸಲು ನಾವು ಯಾರನ್ನು ಕೂರಿಸಿದೆವು ಅನ್ನೋದು ಉಳಿದರ್ಧ. ಮೊದಲರ್ಧಕ್ಕೆ ಅವರು ಹೊಣೆ, ಎರಡನೆಯದಕ್ಕೆ ವೋಟು ಹಾಕುವವರು. ಮೊಸರನ್ನ ಕಲಸುತ್ತಾ ಮರೆಯುವುದು ಈ ಎರಡನೆಯದನ್ನೇ.

ನೀವೇನಂತೀರಿ?