ಪುಸ್ತಕದಲ್ಲಿಲ್ಲದ ಉಪಾಯ

ಜಾತ್ರೆಯ ದಿನಗಳಲ್ಲಿ ಪಾನಕದ ಗಾಡಿಗಳು ಧೂಳೆಬ್ಬಿಸಿ ಓಡಿಬರುವ ಅಂತರಘಟ್ಟೆಯಂಥ ಊರಿನ ಮಕ್ಕಳಿಗೆ, ಸುತ್ತ ಕುಳಿತು ಮಾತಿನಲ್ಲಿಯೇ ಆಡುವ ವಿದೇಶೀಯ ಕಲ್ಪನಾಕ್ರೀಡೆಯೊಂದನ್ನು ಕಲಿಸಬೇಕೆಂದರೆ ಅದು ಕಾಲಹರಣವೆಂದು ಹಿರಿಯರಲ್ಲಿ ಕೆಲವರಿಗೆ ತೋರೀತು. ಆದರೂ ಆ ಕ್ರೀಡೆಯಲ್ಲಿ ಅತ್ಯಂತ ದುಸ್ತರವೆಂದು ಹೆಸರಾದ ಪ್ರಸಂಗವನ್ನು ಬಲ್ಲವರು, ನಮ್ಮ ಶಾಲೆಗಳಲ್ಲಿ ವಿರಳವಾದ ಒಂದು ಶಿಕ್ಷಣ ಅಲ್ಲಿ ಉಂಟೆಂಬುದನ್ನು ಒಪ್ಪದಿರಲಾರರು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪ್ರತಿಯೊಬ್ಬನೂ ಒಂದು ಪಾತ್ರವನ್ನು ವಹಿಸಿ, ತಾನು ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಾನೆ. ನಿರ್ವಾಹಕನು, ಸಂದೇಹವಿದ್ದೆಡೆ ದಾಳ ಉರುಳಿಸಿ, ಅದರ ಫಲವನ್ನು ನಿರ್ಣಯಿಸುತ್ತಾನೆ. ಗೈಗ್ಯಾಕ್ಸ್ ಅವರು 1975ರ ಪಂದ್ಯವೊಂದರಲ್ಲಿ ಒಡ್ಡಿ, 1978ರಲ್ಲಿ ಪ್ರಕಟಿಸಿದ ‘ಟೂಮ್ ಆಫ್ ಹಾರರ್ಸ್’ ಎಂಬ ಸಮಾಧಿಪ್ರಸಂಗವಂತೂ ಪಳಗಿದ ಆಟಗಾರರ ಗರ್ವಭಂಗಕ್ಕೆಂದೇ ಹುಟ್ಟಿದುದು. ಅಲ್ಲಿ ಓಣಿಯ ಕೊನೆಯ ಗೋಡೆಯಲ್ಲಿ ಹಸುರು ರಾಕ್ಷಸಮುಖವೊಂದು ಬಾಯಿ ತೆರೆದುಕೊಂಡಿದೆ, ಒಳಗೆ ಕಗ್ಗತ್ತಲೆ. ಇದೇ ದಾರಿಯೆಂದು ನುಗ್ಗಿದವನು ಎಂಥ ಶೂರನಾದರೂ, ಯಾವ ಕವಚವನ್ನು ತೊಟ್ಟಿದ್ದರೂ, ಆ ಕ್ಷಣವೇ ಇಲ್ಲವಾಗುತ್ತಾನೆ. ಮೊದಲು ಒಂದು ಗಳುವನ್ನು ಬಾಯೊಳಕ್ಕೆ ಚಾಚಿ ಹಿಂದಕ್ಕೆ ಎಳೆದುಕೊಂಡವನಿಗೆ ಮಾತ್ರ ಗಳುವಿನ ತುದಿ ಮಾಯವಾಗಿರುವುದು ಕಾಣುತ್ತದೆ, ಅವನು ಬದುಕುತ್ತಾನೆ.

ಈ ಸಮಾಧಿಪ್ರಸಂಗದಲ್ಲಿ ರಾಬ್ ಕುಂಟ್ಜ್ ಎಂಬ ಆಟಗಾರರು ತಮ್ಮ ಪಾತ್ರದ ಸೇವಕರಾದ ಆರ್ಕ್‌ಗಳೆಂಬ ದೈತ್ಯಭಟರನ್ನು ಮುಂದೆ ಕಳುಹಿಸಿ, ಬಲೆಗಳೆಲ್ಲ ಅವರ ಮೇಲೆಯೇ ಬೀಳುವಂತೆ ಮಾಡಿ, ಕಡೆಯ ಕೋಣೆಯ ನಿಧಿಯನ್ನು ಚೀಲಕ್ಕೆ ತುಂಬಿಕೊಂಡು ಪಾರಾದರಂತೆ. ಆಳುಗಳನ್ನು ಸಾವಿಗೆ ತಳ್ಳುವ ಆ ಉಪಾಯವನ್ನು ನಾನು ಮೆಚ್ಚಲಾರೆ. ಆದರೆ ತನ್ನ ಬಲೆಗಳನ್ನೆಲ್ಲ ವ್ಯರ್ಥಗೊಳಿಸಿದ ನಡೆಯನ್ನೂ ನಿರ್ವಾಹಕನು ಮಾನ್ಯಮಾಡಿದನಲ್ಲ, ಆ ಔದಾರ್ಯವೇ ಈ ಕ್ರೀಡೆಯ ಪ್ರಾಣ. ಪ್ರಷ್ಯದ ಸೇನಾಧಿಕಾರಿಗಳ ಯುದ್ಧಕ್ರೀಡೆಯಲ್ಲಿಯೂ ನಿಯಮಗಳ ಹೊರೆ ಅತಿಯಾದಾಗ, ಅನುಭವಿಯಾದ ತೀರ್ಪುಗಾರನ ವಿವೇಚನೆಗೇ ಪ್ರಾಧಾನ್ಯ ಕೊಡಬೇಕೆಂದು ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿಯು 1876ರಲ್ಲಿ ವಾದಿಸಿದ್ದನು. ಮೊಬೈಲಿನ ಆಟಕ್ಕೆ ಈ ಗುಣ ಬಾರದು. ಅದನ್ನು ರಚಿಸಿದವರು ಮುಂಗಂಡ ಉತ್ತರಗಳನ್ನಷ್ಟೇ ಅದು ಬಲ್ಲುದು. ನಮ್ಮ ಪರೀಕ್ಷೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ: ಮಾದರಿ ಉತ್ತರದಲ್ಲಿಲ್ಲದ ಯುಕ್ತಿಯನ್ನು ಬರೆದ ಮಗುವಿಗೆ ಅಂಕ ದೊರೆಯುವುದು ದುರ್ಲಭ, ಮತ್ತು ಹೊಸದನ್ನು ಯೋಚಿಸುವುದೇ ಅಪಾಯವೆಂದು ಅದು ಬೇಗನೆ ಕಲಿಯುತ್ತದೆ.

ಇಂಥ ಆಟಕ್ಕೆ ಬೇಕಾದ ಕಥೆಗಾಗಿ ನಾವು ದೂರ ಹೋಗಬೇಕಾದುದಿಲ್ಲ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣದ 70, ಭಾಗವತದ ಕೃಷ್ಣನ 25, ಮಹಾಭಾರತದ 45 ಶಿಲ್ಪಫಲಕಗಳಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಮರಳಿದ ಮೇಲೆ ಅರಗಿನ ಮನೆಯ ಪ್ರಸಂಗವನ್ನು ಆಡಿಸಬಹುದು. ವಿದುರನು ಕಳುಹಿಸಿದ ಸುರಂಗ ತೋಡುವವನು ಈ ಸಲ ಬರಲಿಲ್ಲ, ಪುರೋಚನನು ಬಾಗಿಲಲ್ಲಿಯೇ ಇದ್ದಾನೆ, ಈಗೇನು ಮಾಡುವಿರಿ? ಕಾಯಿಸಿದ ಕತ್ತಿಯಿಂದ ಗೋಡೆಯ ಅರಗನ್ನು ರಾತ್ರಿಯಲ್ಲಿ ಇಷ್ಟಿಷ್ಟೇ ಕರಗಿಸಿ ಕಿಂಡಿ ತೆಗೆಯುತ್ತೇನೆಂದು ಭೀಮನಾದ ಹುಡುಗಿ ಹೇಳಿಯಾಳು. ಕರಗಿದ ಅರಗಿನ ವಾಸನೆ ಕಾವಲುಗಾರನಿಗೆ ತಿಳಿಯದೆ ಎಂದರೆ, ಕುಂತಿಯಾದವಳು ಪೂಜೆಯ ನೆಪದಲ್ಲಿ ಧೂಪ ಹಾಕಿಯಾಳು. ಅರಗಿನ ಮನೆಯಲ್ಲಿ ಕಿಡಿ ಹಾರಿದರೇನು ಗತಿಯೆಂದು ಸಹದೇವನು ಅಡ್ಡಬಂದಾನು. ಹೀಗೆ ತರ್ಕ, ಭಯ, ಪರಸ್ಪರ ಸಹಾಯ ಇವೆಲ್ಲವೂ ಒಂದೇ ಸಂಜೆಯಲ್ಲಿ ಅಭ್ಯಾಸಕ್ಕೆ ಬರುತ್ತವೆ. ಪ್ರಸಂಗವನ್ನು ಮಾತ್ರ ಸುಲಭಗೊಳಿಸಕೂಡದು. ಕತ್ತಿಯ ಬಲದಿಂದಲೇ ಗೆಲ್ಲಬಹುದಾದಲ್ಲಿ ಬುದ್ಧಿಯನ್ನು ಯಾರು ತಾನೇ ಬಳಸುವರು?

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿವೆ. ಕಾಗದ, ಪೆನ್ಸಿಲು, ಎರಡು ದಾಳ, ಮತ್ತು ಮಗುವಿನ ವಿಚಿತ್ರವಾದ ಮಾತಿಗೆ ‘ಆಗಲಿ, ನೋಡೋಣ’ ಎನ್ನಬಲ್ಲ ಒಬ್ಬ ಉಪಾಧ್ಯಾಯರು ಅಥವಾ ಗ್ರಂಥಪಾಲಕರು, ಇಷ್ಟಿದ್ದರೆ ಬರುವ ಬೇಸಿಗೆ ರಜೆಯಲ್ಲಿಯೇ ಅಂತರಘಟ್ಟೆ, ಅಜ್ಜಂಪುರ, ಕಡೂರು ಸೀಮೆಯ ಕೇಂದ್ರಗಳಲ್ಲಿ ಇದನ್ನು ಆರಂಭಿಸಬಹುದು.