ಮರಿಹಾವಿಗೆ ಮನೆ ಯಾವುದು?

ಮುಂಗಾರಿನ ದಿನಗಳಲ್ಲಿ ಹೊಲದ ಬದುಗಳಲ್ಲಿಯೂ ಹಿತ್ತಿಲ ಕಲ್ಲುಗಳ ಸಂದಿನಲ್ಲಿಯೂ ಹಾವಿನ ಮರಿಗಳು ಕಾಣಿಸಿಕೊಳ್ಳುವುದುಂಟು. ಅವನ್ನು ಕಂಡೊಡನೆ ಕೋಲೆತ್ತುವವರೇ ಹೆಚ್ಚು. ಅಪರೂಪಕ್ಕೊಬ್ಬ ಬಾಲಕನು ಮಾತ್ರ ‘ಪಾಪ, ತಾಯಿಯಿಲ್ಲದ ಮರಿ’ ಎಂದು ಮರುಗಿ, ಅದನ್ನು ಗಾಜಿನ ಭರಣಿಯಲ್ಲಿಟ್ಟು ಸಾಕಲು ತೊಡಗುತ್ತಾನೆ. ಕೊಲ್ಲುವ ಕೈಗಿಂತ ಈ ಕೈ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕನಿಕರವೊಂದೇ ಸಾಲದು; ಅದಕ್ಕೆ ತಿಳಿವಳಿಕೆಯೂ ಜೊತೆಗೂಡಬೇಕು.

ಮರಿಹಾವು ಅನಾಥವಲ್ಲ. ಕೇರೆ, ನಾಗರ ಮೊದಲಾದ ಹಾವುಗಳ ಮರಿಗಳು ಮೊಟ್ಟೆಯೊಡೆದು ಹೊರಬಂದ ಮೇಲೆ ತಾಯಿಯ ಪೋಷಣೆಯನ್ನು ಪಡೆಯುವುದಿಲ್ಲ. ಅದರ ಅಗತ್ಯವೂ ಅವಕ್ಕಿಲ್ಲ. ಬೇಟೆಯಾಡುವ, ಅಡಗಿಕೊಳ್ಳುವ ಅರಿವು ಹುಟ್ಟಿನೊಡನೆಯೇ ಬಂದಿರುತ್ತದೆ. ನಾಗರದ ಮರಿಯಂತೂ ಹುಟ್ಟುತ್ತಲೇ ಹೆಡೆಯೆತ್ತಬಲ್ಲದು, ವಿಷವನ್ನೂ ಹೊಂದಿರುತ್ತದೆ. ಅಂಥ ಜೀವಿಯನ್ನು ‘ಕಾಪಾಡಿ’ ಮನೆಗೆ ತರುವುದು ರಕ್ಷಣೆಯಲ್ಲ, ಸೆರೆ.

ಹಾವಿನ ಮೈ ತನಗೆ ಬೇಕಾದ ಶಾಖವನ್ನು ಒಳಗಿನಿಂದ ಪಡೆಯಲಾರದು. ಅದು ಬಿಸಿಲಿಗೂ ನೆರಳಿಗೂ ಹರಿದಾಡಿ ಆ ಶಾಖವನ್ನು ಹೊಂದಿಸಿಕೊಳ್ಳುತ್ತದೆ. ಮೈ ತಣ್ಣಗಾದರೆ ನುಂಗಿದ ಆಹಾರವೂ ಸರಿಯಾಗಿ ಜೀರ್ಣವಾಗದು. ಭರಣಿಯಲ್ಲಿ ಹರಿದಾಡಲು ಎಡೆಯೆಲ್ಲಿ? ಸೆರೆಯಾದ ಮರಿ ಎಷ್ಟೋ ವೇಳೆ ಆಹಾರವನ್ನು ಮುಟ್ಟುವುದೇ ಇಲ್ಲ. ಆಗ ಬಟ್ಟಲಲ್ಲಿ ಹಾಲಿಡುವವರುಂಟು. ಹಾಲು ಹಾವಿನ ಆಹಾರವಲ್ಲ; ಬಾಯಾರಿದ ಹಾವು ಬೇರೆ ದಾರಿಯಿಲ್ಲದೆ ಅದನ್ನು ಕುಡಿದೀತು, ಅಷ್ಟೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ನಂಬಿ, ಮರಿಯಿದ್ದಾಗಲೇ ಹಿಡಿದರೆ ಹಾವು ಪಳಗುತ್ತದೆಂದು ಕೆಲವರು ಭಾವಿಸುತ್ತಾರೆ. ಆದರೆ ಹಾವು ನಾಯಿಯಲ್ಲ. ಕೈಯಲ್ಲಿ ಅದು ಅಲುಗದೆ ಬಿದ್ದುಕೊಂಡರೆ ಅದು ಒಲುಮೆಯ ಗುರುತಲ್ಲ. ಭಯವೋ ಬಳಲಿಕೆಯೋ ಇರಬಹುದು. ಇದಲ್ಲದೆ, ಕೊಳಕುಮಂಡಲದ ಮರಿಯನ್ನು ನಿರ್ವಿಷವಾದ ಮಣ್ಣುಮುಕ್ಕ ಹಾವೆಂದು ಬಗೆದು ಎತ್ತಿಕೊಂಡವನಿಗೆ ಆ ಒಂದು ತಪ್ಪೇ ಪ್ರಾಣಾಂತಿಕವಾಗಬಹುದು.

ಹಾವನ್ನು ಸಾಕಿದರೆ ಮಕ್ಕಳಲ್ಲಿ ಅಂಜಿಕೆ ಕಳೆದು ಪ್ರೀತಿ ಬೆಳೆಯುತ್ತದೆಂಬ ವಾದವೂ ಇದೆ. ಅಂಜಿಕೆ ಕಳೆಯಬೇಕಾದದ್ದು ನಿಜ. ಆದರೆ ಹಾವುಗಳನ್ನು ಚೆನ್ನಾಗಿ ಬಲ್ಲವರ ನಡತೆ ಏನು? ತಮಿಳುನಾಡಿನ ಇರುಳರು ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಪುಣರು. 1978ರಲ್ಲಿ ಸ್ಥಾಪಿತವಾದ ಅವರ ಸಹಕಾರ ಸಂಘವು, ಹಾವು ಕಡಿತಕ್ಕೆ ಕೊಡುವ ಮದ್ದಿನ ತಯಾರಿಕೆಗಾಗಿ, ಅನುಮತಿ ಪಡೆದು ಹಾವುಗಳ ವಿಷವನ್ನು ಸಂಗ್ರಹಿಸುತ್ತದೆ. ಕೆಲವು ವಾರಗಳ ಬಳಿಕ ಆ ಹಾವುಗಳನ್ನು ಮತ್ತೆ ನಿಸರ್ಗಕ್ಕೆ ಬಿಡಲಾಗುತ್ತದೆ. ಜೀವ ಉಳಿಸುವ ಕಾರ್ಯಕ್ಕೇ ಇಂಥ ಮಿತಿಯಿರುವಾಗ, ಬರಿಯ ಕುತೂಹಲಕ್ಕಾಗಿ ಹಾವನ್ನು ಬಾಳೆಲ್ಲ ಬಂಧಿಸುವುದು ಉಚಿತವೆ?

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಕೇರೆಗೂ ನಾಗರಕ್ಕೂ ಉಂಟು; ಅವನ್ನು ಹಿಡಿದು ಸಾಕುವುದು ಅಪರಾಧ. ಇಲಿಗಳನ್ನು ತಿಂದು ಬೆಳೆಯನ್ನು ಕಾಯುವ ಕೇರೆ ರೈತನ ಬಂಧು. ಮರಿಯನ್ನು ಭರಣಿಗೆ ಹಾಕಿದಾಗ ಹೊಲವು ತನ್ನ ಮುಂದಿನ ಕಾವಲುಗಾರನನ್ನೇ ಕಳೆದುಕೊಳ್ಳುತ್ತದೆ.

ಆದುದರಿಂದ ಮರಿಹಾವು ಕಂಡಾಗ ದೂರದಲ್ಲಿ ನಿಂತು ನೋಡಬೇಕು. ಅದರ ಬಣ್ಣ, ನಡೆ, ನಾಲಗೆಯ ಚಲನೆಗಳನ್ನು ಗಮನಿಸಬೇಕು. ಅದು ಮನೆಯೊಳಗೆ ನುಗ್ಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಪ್ರೀತಿಸಿದ್ದನ್ನೆಲ್ಲ ತನ್ನದಾಗಿಸಿಕೊಳ್ಳಬೇಕೆಂಬುದು ಆಸೆ. ಅದು ತನ್ನಷ್ಟಕ್ಕೆ ಬಾಳಲೆಂದು ದಾರಿ ಬಿಡುವುದೇ ನಿಜವಾದ ದಯೆ.